ತೇನಾಂಪೇಟೆಯ ಆ ಒಂದು ರಾತ್ರಿ

ವಡಪಳನಿಯಲ್ಲಿ ಸಂಸಾರ ಹೂಡಿರುವ ನಮ್ಮ ಕನ್ನಡ ಬಂಧುಗಳಿಗೆ ತೇನಾಂಪೇಟೆ ಹೊಸ ಹೆಸರೇನಲ್ಲ. ಆರ್ಕಾಟ್ ರಸ್ತೆ ಹಿಡಿದು ಕೋಡಂಬಾಕ್ಕಮಿನ ಸೇತುವೆ ದಾಟಿ, ತ್ಯಾಗರಾಯನಗರವನ್ನು ಹಾಯ್ದು ಹೋದರೆ ಮೂರು ನಾಲ್ಕು ಮೈಲಿಯ ದಾರಿ. ಆದರೆ ನೂರು ವರ್ಷಗಳ ಹಿಂದೆ ನಡುವಣ ತ್ಯಾಗರಾಯನಗರವೇ ಇರಲಿಲ್ಲ. ಈಗ ಜವಳಿ ಅಂಗಡಿಗಳಿರುವ ಆ ಜಾಗದಲ್ಲಿ ದೊಡ್ಡದೊಂದು ಕೆರೆಯಿತ್ತು. ಅದನ್ನು ಬತ್ತಿಸಿ ಬಡಾವಣೆ ಕಟ್ಟಿದ್ದು 1920ರ ದಶಕದಲ್ಲಿ. ಕೆರೆಯ ಈಚೆಗೆ ಮುರುಗನ ಗುಡಿಯಿದ್ದ ವಡಪಳನಿ, ಪಟ್ಟಣದ ಹೊರಗಿನ ಒಂದು ಹಳ್ಳಿ. ಆಚೆಗೆ, ಮೌಂಟ್ ರೋಡಿನ ಮಗ್ಗುಲಲ್ಲಿ, ವಿಶಾಲವಾದ ತೋಟಗಳ ನಡುವೆ ದೊರೆಗಳ ಬಂಗಲೆಗಳು. ಅಂಥ ಬಂಗಲೆಗಳಲ್ಲಿ ಒಂದರ ಹೆಸರು ನ್ಯೂಯಿಂಗ್ಟನ್ ಹೌಸ್. ಅಲ್ಲಿ 1919ನೆಯ ಇಸವಿಯ ಅಕ್ಟೋಬರ್ ತಿಂಗಳ ನಡುವೆ ಒಂದು ರಾತ್ರಿ ನಡೆದ ಕೊಲೆಯ ಗುಟ್ಟು ಇಂದಿಗೂ ಬಯಲಾಗಿಲ್ಲ.

ಆ ಬಂಗಲೆ ಒಂದು ಶಾಲೆ. ಅಲ್ಲಿನ ವಿದ್ಯಾರ್ಥಿಗಳು ಸಾಮಾನ್ಯರ ಮಕ್ಕಳಲ್ಲ. ಜಮೀನ್ದಾರನೊಬ್ಬನು ಎಳೆಯ ಮಗನನ್ನು ಬಿಟ್ಟು ಸತ್ತರೆ ‘ಕೋರ್ಟ್ ಆಫ್ ವಾರ್ಡ್ಸ್’ ಎಂಬ ಸರ್ಕಾರಿ ಇಲಾಖೆ ಆ ಜಮೀನನ್ನು ತನ್ನ ಕೈಗೆ ತೆಗೆದುಕೊಳ್ಳುತ್ತಿತ್ತು. ಹುಡುಗನನ್ನು ಮದರಾಸಿಗೆ ತಂದು, ಇಂಗ್ಲಿಷು, ಕುದುರೆ ಸವಾರಿ, ಮೇಜಿನ ಮೇಲೆ ಊಟಮಾಡುವ ರೀತಿ ಎಲ್ಲವನ್ನೂ ಕಲಿಸುತ್ತಿತ್ತು. ಪ್ರಾಯಕ್ಕೆ ಬಂದಾಗ ಅವನು ಸರ್ಕಾರಕ್ಕೆ ನಿಷ್ಠನಾದ ಜಮೀನ್ದಾರನಾಗಿ ಊರಿಗೆ ಹಿಂತಿರುಗಬೇಕು ಎಂಬುದು ಉದ್ದೇಶ.

ಈ ಹುಡುಗರ ಮನೆತನಗಳನ್ನು ಸ್ವಲ್ಪ ನೆನೆಯಬೇಕು. ತಿರುನೆಲ್ವೇಲಿ ಸೀಮೆಯ ಜಮೀನ್ದಾರರ ಹಿರಿಯರು ಹಿಂದೆ ಪಾಳೆಯಗಾರರು, ನಮ್ಮ ಚಿತ್ರದುರ್ಗದ ನಾಯಕರಂತೆ ಕೋಟೆ ಕಟ್ಟಿ ಆಳಿದವರು. ಅವರಲ್ಲೊಬ್ಬನಾದ ಕಟ್ಟಬೊಮ್ಮನನ್ನು ಕಂಪನಿಯವರು ಗಲ್ಲಿಗೇರಿಸಿದ್ದು 1799ರ ಅಕ್ಟೋಬರಿನಲ್ಲಿ. ಅವನ ಕಥೆಯನ್ನು 1959ರಲ್ಲಿ ತಮಿಳು ತೆರೆಗೆ ತಂದವರು ನಮ್ಮ ಕೋಲಾರ ಸೀಮೆಯ ಬಿ. ಆರ್. ಪಂತುಲು ಎಂಬುದು ಚಿತ್ರರಂಗದ ನೆರೆಯಲ್ಲೇ ಬಾಳುವ ನಮಗೆ ಹೆಮ್ಮೆಯ ವಿಷಯ. ಎರಡೇ ವರ್ಷಗಳಲ್ಲಿ ಅವರು ‘ಕಿತ್ತೂರು ಚೆನ್ನಮ್ಮ’ನನ್ನೂ ಕೊಟ್ಟರು. ಹೀಗೆ ಕತ್ತಿ ಕಳೆದುಕೊಂಡ ಮನೆತನಗಳ ಮೊಮ್ಮಕ್ಕಳು ಬಿಳಿಯ ಗುರುವಿನ ಮುಂದೆ ಕುಳಿತಿದ್ದರು.

ಆ ಗುರುವೇ ಕ್ಲೆಮೆಂಟ್ ಡಿ ಲಾ ಹೇ. ಶಾಲೆಯ ಮುಖ್ಯಸ್ಥರು; ಹೆಂಡತಿಯೊಡನೆ ಅಲ್ಲಿಯೇ ವಾಸ. ಅವರು ತಮಿಳರನ್ನು ಅನಾಗರಿಕರೆಂದು ಹಳಿಯುತ್ತಿದ್ದರು, ಆ ಮಾತು ಹುಡುಗರ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು ಎಂದು ಆಮೇಲೆ ಊರೆಲ್ಲ ಹೇಳಿತು. ಆ ರಾತ್ರಿ ನಿದ್ರೆಯಲ್ಲಿದ್ದ ಡಿ ಲಾ ಹೇಯವರನ್ನು ಯಾರೋ ಗುಂಡಿಟ್ಟು ಕೊಂದರು.

ಅದು ಎಂಥ ವರ್ಷವೆಂಬುದನ್ನು ವಾಚಕರು ಮರೆಯಬಾರದು. ಏಪ್ರಿಲ್ 13ರಂದು ಅಮೃತಸರದ ಜಲಿಯನ್‌ವಾಲಾ ಬಾಗಿನಲ್ಲಿ ನಿರಾಯುಧರಾದ ಜನರ ಮೇಲೆ ಡಯರನ ಸಿಪಾಯಿಗಳು ಗುಂಡಿನ ಮಳೆಗರೆದಿದ್ದರು. ದೂರದ ಅಮೆರಿಕದಲ್ಲಿಯೂ ಅದೇ ಬೇಸಗೆಯಲ್ಲಿ ಬಣ್ಣದ ಹಗೆ ಹೊತ್ತಿ ಉರಿದಿತ್ತು. ಷಿಕಾಗೋ ನಗರದ ಸರೋವರದಲ್ಲಿ ಈಜುತ್ತಿದ್ದ ಕರಿಯ ಹುಡುಗನೊಬ್ಬ ಬಿಳಿಯರ ಪಾಲಿನ ನೀರಿಗೆ ತೇಲಿಹೋದನೆಂದು ಕಲ್ಲೆಸೆದರು, ಅವನು ಮುಳುಗಿ ಸತ್ತ. ಆಮೇಲಿನ ಗಲಭೆಯಲ್ಲಿ 38 ಜನ ಪ್ರಾಣ ಬಿಟ್ಟರು. ಇತ್ತ ಮದರಾಸಿನ ಬಿಳಿಯರಿಗೆ 1911ರ ನೆನಪು ಇನ್ನೂ ಹಸಿಯಾಗಿತ್ತು. ಆ ವರ್ಷದ ಜೂನ್ 17ರಂದು ಮಣಿಯಾಚಿ ರೈಲು ನಿಲ್ದಾಣದಲ್ಲಿ ತಿರುನೆಲ್ವೇಲಿಯ ಕಲೆಕ್ಟರ್ ಆಷ್ ಅವರನ್ನು ವಾಂಚಿನಾಥನ್ ಗುಂಡಿಟ್ಟು ಕೊಂದಿದ್ದನು. ಈಗ ಮಲಗುವ ಮನೆಯೊಳಗೇ ಗುಂಡು! ಬಿಳಿಯರ ಬಂಗಲೆಗಳಲ್ಲಿ ಎಷ್ಟು ದಿಗಿಲು ಹುಟ್ಟಿರಬೇಕೆಂಬುದನ್ನು ಊಹಿಸಬಹುದು.

ಪೊಲೀಸರ ಸಂದೇಹ ಶಾಲೆಯ ಹುಡುಗರ ಮೇಲೆಯೇ ಬಿತ್ತು. ಅದರಲ್ಲೂ ಕಡಂಬೂರು ಮತ್ತು ಸಿಂಗಂಪಟ್ಟಿ ಎಂಬ ಎರಡು ತಿರುನೆಲ್ವೇಲಿ ಮನೆತನಗಳ ಕುಡಿಗಳ ಮೇಲೆ. ಸಿಂಗಂಪಟ್ಟಿಯವನು ಮಾಫಿ ಸಾಕ್ಷಿಯಾದನು. ಗೆಳೆಯನ ವಿರುದ್ಧ ನುಡಿದನು. ಕಡಂಬೂರಿನವನು ಆರೋಪಿಯ ಕಟಕಟೆಯಲ್ಲಿ ನಿಂತನು. ಮದರಾಸಿನಲ್ಲಿ ಮನಸ್ಸುಗಳು ಕಾದಿದ್ದುದರಿಂದ ಮೊಕದ್ದಮೆಯನ್ನು ಬೊಂಬಾಯಿಯ ಹೈಕೋರ್ಟಿಗೆ ಸಾಗಿಸಿದರು.

ಇಲ್ಲಿ ನ್ಯಾಯದ ಸೂಕ್ಷ್ಮವೊಂದನ್ನು ತಿಳಿದಿರುವುದು ಒಳ್ಳೆಯದು. ತಾನೂ ಪಾಲುಗಾರನೆಂದು ಒಪ್ಪಿಕೊಂಡು, ಕ್ಷಮೆಯ ಭರವಸೆಯ ಮೇಲೆ ಇನ್ನೊಬ್ಬನತ್ತ ಬೆರಳು ತೋರಿಸುವವನ ಮಾತಿಗೆ ಎಷ್ಟು ಬೆಲೆ? ತನ್ನ ಕೊರಳು ಉಳಿಸಿಕೊಳ್ಳಲು ಮನುಷ್ಯ ಏನನ್ನಾದರೂ ಹೇಳಿಯಾನು. ಆದ್ದರಿಂದಲೇ ಅಂಥ ಸಾಕ್ಷ್ಯಕ್ಕೆ ಬೇರೆ ಕಡೆಯಿಂದ ಆಸರೆ ಬೇಕೆಂದು 1872ರ ಸಾಕ್ಷ್ಯ ಕಾನೂನಿನ ಕಾಲದಿಂದಲೂ ನಮ್ಮ ನ್ಯಾಯಾಲಯಗಳು ಕೇಳುತ್ತ ಬಂದಿವೆ. ಕಡಂಬೂರಿನ ತರುಣನ ಪಾಲಿಗೆ ಆ ಎಚ್ಚರಿಕೆಯೇ ಪ್ರಾಣದ ಮಾತಾಗಿತ್ತು. ಕೊನೆಗೆ ಅವನಿಗೆ ಬಿಡುಗಡೆಯಾಯಿತು. ಆ ಕೊಲೆಗಾಗಿ ಬೇರೆ ಯಾರಿಗೂ ಶಿಕ್ಷೆಯಾಗಲಿಲ್ಲ.

ಅವನ ಪರವಾಗಿ ದುಡಿದ ಮದರಾಸಿನ ವಕೀಲರು ಡಾಕ್ಟರ್ ಎಸ್. ಸ್ವಾಮಿನಾಥನ್. ಅವರ ಮನೆ ಇಂಗ್ಲಿಷ್ ರೀತಿಯ ಮನೆ. ಬಿಳಿಯ ಸ್ನೇಹಿತರು ಬಹಳ. ಮೊಕದ್ದಮೆ ಗೆದ್ದಮೇಲೆ ಆ ಸ್ನೇಹಿತರು ಮುಖ ತಿರುಗಿಸಿದರು. ಶಾಲೆಯಲ್ಲಿ ಅವರ ಮಗಳಿಗೂ ಅದರ ಬಿಸಿ ತಟ್ಟಿತು. ತಾಯಿ ಅಮ್ಮು ಸ್ವಾಮಿನಾಥನ್ ಆ ಪರಂಗಿ ಶಾಲೆಯನ್ನೇ ಬಿಡಿಸಿಬಿಟ್ಟರು. ಮುಂದೆ ಆ ತಾಯಿ ಸಂವಿಧಾನ ಸಭೆಯ ಸದಸ್ಯೆಯಾದರು. ಆ ಹುಡುಗಿ ಸುಭಾಷ್ ಬೋಸರ ಸೈನ್ಯದಲ್ಲಿ ಝಾನ್ಸಿ ರಾಣಿ ದಳದ ನಾಯಕಿ ಕ್ಯಾಪ್ಟನ್ ಲಕ್ಷ್ಮಿಯಾದಳು. ಕೊಲೆಯ ಇರುಳು ಆಕೆಗೆ ಐದು ವರ್ಷ ತುಂಬುತ್ತಲಿತ್ತು.

ಸಿಂಗಂಪಟ್ಟಿಯ ಕಥೆ ಬೇರೊಂದು ದಾರಿ ಹಿಡಿಯಿತು. ಮೊಕದ್ದಮೆಯ ಖರ್ಚಿನಿಂದ ಮನೆತನ ಸಾಲಕ್ಕೆ ಸಿಕ್ಕಿತೆಂದೂ, ಅದರಿಂದಲೇ ತಮ್ಮ ಮಲೆಕಾಡನ್ನು ಗುತ್ತಿಗೆಗೆ ಕೊಡಬೇಕಾಯಿತೆಂದೂ ಆ ಸೀಮೆಯ ಜನ ಹೇಳುವರು. 1929ರಲ್ಲಿ ಸುಮಾರು 8,374 ಎಕರೆ ಕಾಡು 99 ವರ್ಷಗಳ ಗುತ್ತಿಗೆಯ ಮೇಲೆ ಬಾಂಬೆ ಬರ್ಮಾ ಕಂಪನಿಗೆ ಹೋಯಿತು. ಅದೇ ಮಾಂಜೋಲೈ ಚಹಾ ತೋಟ. ಅಲ್ಲಿನ ಕೂಲಿಗಳ ಬೇಡಿಕೆ ಹೊತ್ತು 1999ರ ಜುಲೈ 23ರಂದು ತಿರುನೆಲ್ವೇಲಿಯಲ್ಲಿ ಹೊರಟ ಮೆರವಣಿಗೆಯ ಮೇಲೆ ಪೊಲೀಸರು ಲಾಠಿ ಬೀಸಿದಾಗ ಹದಿನೇಳು ಜನ ತಾಮ್ರಪರ್ಣಿ ನದಿಯ ಬಳಿ ಸತ್ತರು. 2024ರಲ್ಲಿ ಕಂಪನಿ ತೋಟದ ಕೆಲಸ ನಿಲ್ಲಿಸಿದಾಗ ತಲೆಮಾರುಗಳಿಂದ ಚಿಗುರೆಲೆ ಕಿತ್ತವರು ಇನ್ನೆಲ್ಲಿಗೆ ಹೋಗುವುದೆಂದು ಕೇಳುವಂತಾಯಿತು. ತೇನಾಂಪೇಟೆಯ ಹೆಸರನ್ನೂ ಕೇಳದಿದ್ದವರ ಬಾಳಿಗೆ ಅಲ್ಲಿನ ಒಂದು ಗುಂಡಿನ ಸದ್ದು ಎಷ್ಟು ದೂರದಿಂದ ಬಂದು ತಗುಲಿತು, ನೋಡಿ!

ಬಿಳಿಯ ಗುರು ಎಂದಮಾತ್ರಕ್ಕೆ ಹಗೆ ಹುಟ್ಟಲೇಬೇಕೆಂದಿಲ್ಲ. ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು ಹತ್ತು ವರ್ಷದ ಬಾಲಕರಾಗಿದ್ದಾಗ, 1894ರಲ್ಲಿ, ತಂದೆಯನ್ನು ಕಳೆದುಕೊಂಡರು. ಅವರಿಗೆ ವಿದ್ಯೆ ಕಲಿಸಲು ಬಂದವರೂ ಸ್ಟೂಅರ್ಟ್ ಫ್ರೇಸರ್ ಎಂಬ ಇಂಗ್ಲಿಷ್ ಅಧಿಕಾರಿಯೇ. ಆ ಶಿಷ್ಯರು ಮುಂದೆ ಎಂಥ ಅರಸರಾದರೆಂದು ಕನ್ನಡಿಗರಿಗೆ ಹೇಳಬೇಕಾಗಿಲ್ಲ.

ಕೆಲವರು ಈ ಕೊಲೆಯನ್ನು ದೇಶಭಕ್ತಿಯ ಲೆಕ್ಕಕ್ಕೆ ಸೇರಿಸಬಯಸಬಹುದು. ನನ್ನ ಮನಸ್ಸು ಅದಕ್ಕೆ ಒಪ್ಪದು. ಮಲಗಿದ್ದವನನ್ನು ಕೊಲ್ಲುವುದು ಪಾಳೆಯಗಾರರ ಧರ್ಮವೂ ಆಗಿರಲಿಲ್ಲ. ಮಹಾಭಾರತದ ಅಶ್ವತ್ಥಾಮನು ಅದೇ ಕೆಲಸಕ್ಕಾಗಿ ಹಣೆಯ ಮಣಿಯನ್ನು ಕಳೆದುಕೊಂಡನಲ್ಲವೆ? ಹಾಗೆಂದು ಆ ಮಾತನ್ನೂ ಹಗುರವಾಗಿ ಎಣಿಸಲಾಗದು. ಡಿ ಲಾ ಹೇ ಅದನ್ನು ನಿಜವಾಗಿ ಆಡಿದ್ದರೆ, ಪಾಠ ಹೇಳಬೇಕಾದ ನಾಲಗೆಯಿಂದ ಮಕ್ಕಳ ಹುಟ್ಟನ್ನೇ ಹಳಿದಂತಾಯಿತು. ಯಾರು ಗುಂಡು ಹಾರಿಸಿದರೆಂಬುದು ಕತ್ತಲೆಯಲ್ಲೇ ಉಳಿಯಿತು. ಜಾತಿ, ಭಾಷೆ, ಬಣ್ಣಗಳನ್ನು ಹಿಡಿದು ಮಕ್ಕಳ ಮುಂದೆ ಆಡುವ ಮಾತು ಎಲ್ಲಿಗೆ ಮುಟ್ಟೀತೆಂಬುದು ಮಾತ್ರ ಕತ್ತಲೆಯಲ್ಲಿಲ್ಲ. ಪರಭಾಷೆಯ ಊರಿನಲ್ಲಿ ನೆರೆಹೊರೆಯವರೊಡನೆ ಒಂದೇ ಓಣಿಯಲ್ಲಿ ಮಕ್ಕಳನ್ನು ಬೆಳೆಸುವ ನಮಗೆ ಇದು ಮನೆಯ ಮಾತೇ ಸರಿ. ಮುಂದಿನ ಸಲ ತೇನಾಂಪೇಟೆಯ ಹಾದಿಯಲ್ಲಿ ಹೋಗುವಾಗ ಒಂದು ಗಳಿಗೆ ಇದನ್ನು ನೆನೆಯೋಣ.