ಉಬ್ಬಸದ ಮಗುವಿಗೆ ಔಷಧ ಎಷ್ಟು?

ಗುಂಡ್ಲುಪೇಟೆಯಿಂದ ಕೇರಳದ ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿಯಲ್ಲಿ, ಬಂಡೀಪುರದ ಕಾಡಂಚಿನಲ್ಲಿ ಮದ್ದೂರು ಎಂಬ ಊರಿದೆ. ವನ್ಯಮೃಗಗಳ ರಕ್ಷಣೆಗಾಗಿ ಇಲ್ಲಿಂದ ಮುಂದಿನ ಕಾಡುಹಾದಿಯಲ್ಲಿ ರಾತ್ರಿಯ ವಾಹನ ಸಂಚಾರವನ್ನು 2009ರಲ್ಲಿ ನಿಷೇಧಿಸಲಾಯಿತು; ಆಂಬುಲೆನ್ಸಿಗೆ ವಿನಾಯಿತಿ ಉಂಟು. ಉಬ್ಬಸವಾದರೋ ಬೆಳಗಿನ ಜಾವದಲ್ಲೇ ಹೆಚ್ಚಾಗಿ ಕೆರಳುವ ವ್ಯಾಧಿ. ಆ ಹೊತ್ತಿನಲ್ಲಿ ಮಗುವನ್ನೆತ್ತಿಕೊಂಡು ಗುಂಡ್ಲುಪೇಟೆಗೋ, ಅಲ್ಲಿಂದ ಸುಮಾರು 60 ಕಿಲೋಮೀಟರ್ ದೂರದ ಮೈಸೂರಿಗೋ ಧಾವಿಸಬೇಕಾದ ತಾಯಿತಂದೆಗಳ ಪಾಡನ್ನು ನೆನೆದರೆ, ಉಬ್ಬಸ ಬಾರದಂತೆ ಕಾಯುವುದೇ ಮೇಲೆಂದು ತೋರದಿರದು.

ನಗರವಾಸಿಗಳೂ ನಿಶ್ಚಿಂತರಾಗಿರುವಂತಿಲ್ಲ. ಬೆಂಗಳೂರಿನ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳನ್ನು ಪರಿಶೀಲಿಸಿದಾಗ, 1979ರಲ್ಲಿ ಶೇಕಡ 9ರಷ್ಟಿದ್ದ ಉಬ್ಬಸ 1999ರಲ್ಲಿ ಶೇಕಡ 29.5ಕ್ಕೆ ಏರಿತ್ತು.

ಉಬ್ಬಸದಲ್ಲಿ ಶ್ವಾಸನಾಳಗಳ ಒಳಪದರ ಊದಿಕೊಂಡಿರುತ್ತದೆ. ಸಾಲ್ಬುಟಮಾಲ್ ಬಿಗಿದ ನಾಳಗಳನ್ನು ತತ್ಕಾಲಕ್ಕೆ ಸಡಿಲಿಸುತ್ತದೆ. ಊತವನ್ನು ಇಳಿಸುವುದು ಬುಡೆಸೊನೈಡ್, ಬೆಕ್ಲೊಮೆಥಾಸೋನ್ ಮುಂತಾದ ಸ್ಟೀರಾಯ್ಡ್‌ಗಳ ಕೆಲಸ. ಸ್ಟೀರಾಯ್ಡ್ ಎಂದೊಡನೆ ಮನೆಯ ಹಿರಿಯರು ಬೆಚ್ಚುವುದುಂಟು. ಆದರೆ ನುಂಗುವ ಗುಳಿಗೆಯನ್ನು ಮಿಲಿಗ್ರಾಂ ಲೆಕ್ಕದಲ್ಲಿ ಕೊಟ್ಟರೆ, ಸೇದುವ ಔಷಧವನ್ನು ಅದರ ಸಾವಿರದೊಂದು ಪಾಲಾದ ಮೈಕ್ರೋಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ.

6ರಿಂದ 11 ವರ್ಷದ ಮಕ್ಕಳಿಗೆ ದಿನವೊಂದಕ್ಕೆ 100ರಿಂದ 200 ಮೈಕ್ರೋಗ್ರಾಂ ಬುಡೆಸೊನೈಡನ್ನು ಅಲ್ಪ ಪ್ರಮಾಣವೆಂದೂ, 400ರವರೆಗೆ ಮಧ್ಯಮವೆಂದೂ, ಅದನ್ನು ಮೀರಿದರೆ ಅಧಿಕವೆಂದೂ ಎಣಿಸುತ್ತಾರೆ. ಫ್ಲೂಟಿಕಾಸೋನ್ ಪ್ರೊಪಿಯೊನೇಟ್ ಆದರೆ ಇದರ ಅರ್ಧವೇ ಅಲ್ಪ ಪ್ರಮಾಣ. ಆದ್ದರಿಂದ ಒಂದು ಔಷಧದ ಅಂಕಿಯನ್ನು ಇನ್ನೊಂದಕ್ಕೆ ಹೊಂದಿಸಲಾಗದು.

ಭಯಕ್ಕೆ ಆಧಾರವೇ ಇಲ್ಲವೆಂದಲ್ಲ. ದಿನಕ್ಕೆ 400 ಮೈಕ್ರೋಗ್ರಾಂನಂತೆ ವರ್ಷಗಟ್ಟಲೆ ಬುಡೆಸೊನೈಡ್ ಸೇದಿದ ಮಕ್ಕಳು, ಸೇದದವರಿಗಿಂತ ವಯಸ್ಕರಾದಾಗ ಸರಾಸರಿ 1.2 ಸೆಂಟಿಮೀಟರ್ ಗಿಡ್ಡರಾಗಿದ್ದರೆಂದು ಅಮೆರಿಕದ ಅಧ್ಯಯನವೊಂದು 2012ರಲ್ಲಿ ತಿಳಿಸಿತು. ಉಸಿರು ಕಟ್ಟುವ ಅಪಾಯದ ಮುಂದೆ ಈ ನಷ್ಟ ಸಣ್ಣದು. ಆದರೂ ರೋಗವನ್ನು ಅಂಕೆಯಲ್ಲಿಡುವ ಕನಿಷ್ಠ ಪ್ರಮಾಣವೇ ಸರಿಯಾದ ಪ್ರಮಾಣ. ಉಬ್ಬಸದ ಸುಳಿವು ಕಂಡೊಡನೆ ಸೇದುವ ಸ್ಟೀರಾಯ್ಡನ್ನು ಐದು ಪಟ್ಟು ಏರಿಸಿದರೂ ಮಕ್ಕಳಿಗೆ ಪ್ರಯೋಜನವಾಗಲಿಲ್ಲವೆಂದು 2018ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ತೋರಿಸಿತು. ಆದ್ದರಿಂದ ವೈದ್ಯರು ಬರೆದುಕೊಟ್ಟುದನ್ನು ಮೀರಿ ಏರಿಸಲೂ ಬಾರದು. ಮಗು ಗೆಲುವಾಗಿದೆಯೆಂದು ತಾವಾಗಿ ನಿಲ್ಲಿಸಲೂ ಬಾರದು. ಸುಮಾರು ಮೂರು ತಿಂಗಳು ಕಾಟವಿಲ್ಲದೆ ಕಳೆದರೆ ವೈದ್ಯರೇ ಹಂತಹಂತವಾಗಿ ಇಳಿಸುವರು.

ಸೇದಿಸುವ ಕ್ರಮ ತಪ್ಪಿದರೆ ಔಷಧ ಗಂಟಲಿಗೆ ಅಂಟುವುದೇ ಹೆಚ್ಚು. ಪಂಪನ್ನು ಸ್ಪೇಸರ್ ಎಂಬ ಕೊಳವೆಗೆ ಜೋಡಿಸಬೇಕು. ಎಳೆಯ ಮಕ್ಕಳಿಗೆ ಮುಖವಾಡವೂ ಬೇಕು. ಪಂಪನ್ನು ಕುಲುಕಿ, ಒಂದು ಸಲಕ್ಕೆ ಒಂದೇ ಬಾರಿ ಒತ್ತಬೇಕು. ಬಳಿಕ ಬಾಯಿ ಮುಕ್ಕಳಿಸಿ ಉಗುಳಿಸಬೇಕು.

ಮಗು ಮಾತನಾಡಲಾರದೆ ಏದುತ್ತಿದ್ದರೆ, ಪಕ್ಕೆಲುಬುಗಳ ನಡುವೆ ಗುಳಿ ಬೀಳುತ್ತಿದ್ದರೆ, ತುಟಿ ನೀಲಿಗಟ್ಟಿದರೆ, ಸಾಲ್ಬುಟಮಾಲ್ ಕೊಡುತ್ತ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಅಂತಹ ರಾತ್ರಿಗಳು ವಿರಳವಾಗಲೆಂದೇ ದಿನನಿತ್ಯದ ಆ ಅಲ್ಪ ಪ್ರಮಾಣ.