ಡೇವಿಸ್ ಕಪ್: ಭಾರತ ಆಡದೆ ಬಿಟ್ಟ ಫೈನಲ್

ಟೆನಿಸ್ ಮೂಲತಃ ಒಂಟಿ ಆಟ. ಅಂಕಣಕ್ಕೆ ಇಳಿದ ಆಟಗಾರನಿಗೆ ಚೆಂಡು ದಾಟಿಸುವವರಿಲ್ಲ, ಅವನ ಕೈತಪ್ಪಿದ ಚೆಂಡನ್ನು ಹಿಂದೆ ನಿಂತು ತಡೆಯುವವರೂ ಇಲ್ಲ. ಗೆದ್ದರೆ ಹಣ, ಹೆಸರು ಎರಡೂ ಅವನದೇ. ಸೋತರೆ ಚೀಲ ಹೆಗಲಿಗೇರಿಸಿ ಮುಂದಿನ ಊರಿಗೆ ಹೊರಡಬೇಕು. ಇಂಥ ಆಟದಲ್ಲಿ ಆಟಗಾರನ ಹೆಸರನ್ನು ಬದಿಗಿರಿಸಿ ದೇಶದ ಹೆಸರಿನಲ್ಲಿ ಅಂಕ ಕೂಗುವ ಸ್ಪರ್ಧೆಯೊಂದು ನೂರಿಪ್ಪತ್ತೈದು ವರ್ಷಗಳಿಂದ ನಡೆದುಬಂದಿದೆ. ಅದೇ ಡೇವಿಸ್ ಕಪ್.

ಈ ಕಪ್ಪಿನ ವಿಜೇತರ ಪಟ್ಟಿಯಲ್ಲಿ 1974ನೇ ಇಸವಿಯ ಎದುರು ದಕ್ಷಿಣ ಆಫ್ರಿಕದ ಹೆಸರಿದೆ. ಆದರೆ ಆ ವರ್ಷ ಫೈನಲ್ ಪಂದ್ಯ ನಡೆಯಲೇ ಇಲ್ಲ. ಒಂದು ಚೆಂಡೂ ಬಲೆ ದಾಟಲಿಲ್ಲ. ಎದುರಾಳಿಯಾಗಿ ಆಡಬೇಕಿದ್ದ ದೇಶ ಭಾರತ. ಗೆಲ್ಲುವ ಶಕ್ತಿಯಿದ್ದ ತಂಡವೊಂದು ಏಕೆ ಆಡಲಿಲ್ಲ ಎಂಬುದನ್ನು ತಿಳಿಯಲು ಈ ಕಪ್ಪಿನ ಕಥೆಯನ್ನು ಮೊದಲಿನಿಂದ ನೋಡಬೇಕು.

ವಿದ್ಯಾರ್ಥಿ ಕೊಟ್ಟ ಬೆಳ್ಳಿ ಬೋಗುಣಿ

ಡ್ವೈಟ್ ಡೇವಿಸ್ ಅಮೆರಿಕದ ಸೇಂಟ್ ಲೂಯಿಸ್ ನಗರದ ಸಿರಿವಂತ ಮನೆತನದ ಹುಡುಗ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ, 1899ರಲ್ಲಿ, ಗೆಳೆಯರೊಡನೆ ದೇಶದ ಪಶ್ಚಿಮ ಕರಾವಳಿಗೆ ಟೆನಿಸ್ ಪ್ರವಾಸ ಹೋದ. ಒಂದೇ ದೇಶದ ಎರಡು ಭಾಗಗಳ ಆಟಗಾರರು ಎದುರುಬದುರಾದಾಗ ಜನ ತೋರಿದ ಉತ್ಸಾಹ ಕಂಡು, ದೇಶ ದೇಶಗಳ ನಡುವೆಯೇ ಇಂಥ ಪಂದ್ಯಗಳು ಏಕಾಗಬಾರದು ಎಂಬ ಯೋಚನೆ ಅವನಿಗೆ ಬಂತು. ಬಾಸ್ಟನ್ನಿನ ಅಂಗಡಿಯೊಂದರಲ್ಲಿ ತನ್ನ ಹಣದಿಂದ ದೊಡ್ಡದೊಂದು ಬೆಳ್ಳಿ ಬೋಗುಣಿ ಮಾಡಿಸಿದ. ಅದರ ತೂಕ 217 ಟ್ರಾಯ್ ಔನ್ಸ್, ನಮ್ಮ ಲೆಕ್ಕದಲ್ಲಿ ಸುಮಾರು ಆರೂಮುಕ್ಕಾಲು ಕಿಲೋ.

1900ರ ಆಗಸ್ಟ್‌ನಲ್ಲಿ ಬಾಸ್ಟನ್ನಿನ ಲಾಂಗ್‌ವುಡ್ ಕ್ರಿಕೆಟ್ ಕ್ಲಬ್ಬಿನ ಹುಲ್ಲಿನ ಮೇಲೆ ಮೊದಲ ಸ್ಪರ್ಧೆ ನಡೆಯಿತು. ಕಣದಲ್ಲಿದ್ದವು ಅಮೆರಿಕ ಮತ್ತು ಬ್ರಿಟಿಷ್ ದ್ವೀಪಗಳು ಎರಡೇ. ಕಪ್ ಕೊಟ್ಟ ಡೇವಿಸ್ ತಾನೂ ಆಡಿದ; ಅಮೆರಿಕ 3-0ಯಿಂದ ಗೆದ್ದಿತು. ಹುಲ್ಲು ಉದ್ದವಾಗಿತ್ತು, ಬಲೆ ಜೋತುಬಿದ್ದಿತ್ತು, ಚೆಂಡು ಮೆತ್ತಗಿತ್ತು ಎಂದು ಬ್ರಿಟಿಷ್ ಆಟಗಾರರು ದೂರಿದರು. ಆತಿಥೇಯರು ತಮಗೆ ಬೇಕಾದಂತೆ ನೆಲ ಸಿದ್ಧಪಡಿಸಿದರೆಂಬ ದೂರು ಹೀಗೆ ಮೊದಲ ವರ್ಷದಲ್ಲಿಯೇ ಹುಟ್ಟಿಕೊಂಡಿತು.

ಸ್ಪರ್ಧೆಗೆ ಆಗ ಇದ್ದ ಉದ್ದನೆಯ ಹೆಸರು ಬಳಕೆಯಲ್ಲಿ ಉಳಿಯಲಿಲ್ಲ. ಕಪ್ ಕೊಟ್ಟವನ ಹೆಸರೇ ನಿಂತಿತು. ಡೇವಿಸ್ ಮುಂದೆ ಅಮೆರಿಕದ ಯುದ್ಧ ಸಚಿವನೂ ಫಿಲಿಪೀನ್ಸಿನ ಗವರ್ನರ್ ಜನರಲ್ಲನೂ ಆದ. ಆದರೆ ಜಗತ್ತು ಅವನನ್ನು ನೆನೆಯುವುದು ವಿದ್ಯಾರ್ಥಿದೆಸೆಯಲ್ಲಿ ಕೊಟ್ಟ ಆ ಬೋಗುಣಿಯಿಂದ.

ಐದು ಪಂದ್ಯಗಳ ಲೆಕ್ಕ

ಡೇವಿಸ್ ಹಾಕಿಕೊಟ್ಟ ನಿಯಮ ಸರಳವಾದದ್ದು. ಎರಡು ದೇಶಗಳ ನಡುವೆ ಮೂರು ದಿನ, ಐದು ಪಂದ್ಯ. ಮೊದಲ ದಿನ ಎರಡು ಸಿಂಗಲ್ಸ್, ಎರಡನೆಯ ದಿನ ಡಬಲ್ಸ್, ಕೊನೆಯ ದಿನ ಎದುರಾಳಿಗಳನ್ನು ಅದಲುಬದಲು ಮಾಡಿ ಮತ್ತೆರಡು ಸಿಂಗಲ್ಸ್. ಮೂರು ಗೆದ್ದವರಿಗೆ ಜಯ. ಒಬ್ಬ ಆಟಗಾರ ಎಷ್ಟೇ ದೊಡ್ಡವನಾಗಿರಲಿ, ಸಿಂಗಲ್ಸ್‌ನಲ್ಲಿ ಅವನು ತರಬಲ್ಲದ್ದು ಎರಡೇ ಜಯ. ಮೂರನೆಯದನ್ನು ಇನ್ನೊಬ್ಬ ಗೆಲ್ಲಬೇಕು, ಇಲ್ಲವೇ ಡಬಲ್ಸ್‌ನಲ್ಲಿ ಜೊತೆಗಾರ ಹೆಗಲು ಕೊಡಬೇಕು. ಒಂಟಿ ಆಟವನ್ನು ತಂಡದ ಆಟವಾಗಿಸಿದ ಜಾಣ್ಮೆ ಇರುವುದು ಈ ಲೆಕ್ಕದಲ್ಲಿ.

ಆತಿಥೇಯ ದೇಶಕ್ಕೆ ಅಂಕಣವನ್ನು ಆರಿಸುವ ಹಕ್ಕು ಇದೆ. ಇದರ ಮಹತ್ವ ಅರಿಯಲು ಶಾಲೆಯಲ್ಲಿ ಕಲಿಯುವ ಘರ್ಷಣೆಯ ಪಾಠ ಸಾಕು. ಹುಲ್ಲಿನ ಮೇಲೆ ಚೆಂಡಿಗೂ ನೆಲಕ್ಕೂ ಘರ್ಷಣೆ ಕಡಿಮೆ. ನೆಲಕ್ಕೆ ಬಿದ್ದ ಚೆಂಡು ಹೆಚ್ಚು ವೇಗ ಕಳೆದುಕೊಳ್ಳದೆ ಜಾರಿದಂತೆ ಮುಂದೆ ಸಾಗುತ್ತದೆ, ಎತ್ತರಕ್ಕೆ ಪುಟಿಯುವುದಿಲ್ಲ. ಚುರುಕಾಗಿ ಬಲೆಯ ಬಳಿಗೆ ಧಾವಿಸುವವನಿಗೆ ಇದು ಅನುಕೂಲ. ಮಣ್ಣಿನ ಅಂಕಣದಲ್ಲಿ ಮೇಲೆ ಹರಡಿದ ಇಟ್ಟಿಗೆ ಪುಡಿಯ ಕಣಗಳು ಚೆಂಡನ್ನು ಹಿಡಿದು ನಿಲ್ಲಿಸಿದಂತೆ ಮಾಡುತ್ತವೆ. ಘರ್ಷಣೆ ಹೆಚ್ಚಾಗಿ ಚೆಂಡಿನ ಮುನ್ನುಗ್ಗುವ ವೇಗ ತಗ್ಗುತ್ತದೆ, ಪುಟಿತ ಎತ್ತರವಾಗುತ್ತದೆ. ಹಿಂದಿನ ಗೆರೆಯಲ್ಲಿ ನಿಂತು ತಾಳ್ಮೆಯಿಂದ ಹೊಡೆಯುವವನಿಗೆ ಒಂದು ಕ್ಷಣ ಹೆಚ್ಚು ಸಿಗುತ್ತದೆ. ಆ ಒಂದು ಕ್ಷಣವೇ ಎಷ್ಟೋ ದೇಶಗಳ ಸೋಲು ಗೆಲುವನ್ನು ನಿರ್ಧರಿಸಿದೆ.

1971ರವರೆಗೆ ಇನ್ನೊಂದು ವಿಚಿತ್ರ ನಿಯಮವಿತ್ತು. ಹಿಂದಿನ ವರ್ಷ ಗೆದ್ದ ದೇಶ ಬೇರಾವ ಪಂದ್ಯವನ್ನೂ ಆಡಬೇಕಿರಲಿಲ್ಲ. ಉಳಿದವರೆಲ್ಲ ತಮ್ಮತಮ್ಮಲ್ಲಿ ಸೆಣಸಿ, ಕೊನೆಗೆ ಉಳಿದವರು ಅದನ್ನು ಅದರ ನೆಲದಲ್ಲಿಯೇ ಎದುರಿಸಬೇಕಿತ್ತು. ಕಪ್ ಕೆಲವೇ ದೇಶಗಳ ಕೈಯಲ್ಲಿ ಸುತ್ತುತ್ತಿದ್ದುದಕ್ಕೆ ಇದೂ ಒಂದು ಕಾರಣ. ಇಂದಿಗೂ ಪಟ್ಟಿಯ ತುದಿಯಲ್ಲಿರುವುದು 32 ಬಾರಿ ಗೆದ್ದ ಅಮೆರಿಕ, 28 ಬಾರಿ ಗೆದ್ದ ಆಸ್ಟ್ರೇಲಿಯಾ.

ಯುದ್ಧದ ನೆರಳು

ದೇಶಗಳ ಹೆಸರಿನಲ್ಲಿ ಆಡುವ ಆಟಕ್ಕೆ ದೇಶಗಳ ಜಗಳವೂ ತಟ್ಟದಿರುವುದಿಲ್ಲ. 1914ರ ಜುಲೈ ಕೊನೆಯಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ಬಳಿ ಜರ್ಮನಿಯೂ ಆಸ್ಟ್ರಲೇಷ್ಯಾ ತಂಡವೂ ಆಡುತ್ತಿದ್ದವು. ಆಗ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಒಂದೇ ತಂಡವಾಗಿ ಬರುತ್ತಿದ್ದವು. ಆಟ ಮುಗಿಯುವ ಹೊತ್ತಿಗೆ ಯುರೋಪಿನಲ್ಲಿ ಮಹಾಯುದ್ಧ ಶುರುವಾಗಿತ್ತು. ಊರಿಗೆ ಹೊರಟ ಇಬ್ಬರು ಜರ್ಮನ್ ಆಟಗಾರರನ್ನು ಬ್ರಿಟಿಷರು ನಡುದಾರಿಯಲ್ಲಿ ಸೆರೆಹಿಡಿದರು. ಅವರನ್ನು ಸೋಲಿಸಿದ ತಂಡದಲ್ಲಿದ್ದ ನ್ಯೂಜಿಲೆಂಡಿನ ಆಂಟನಿ ವೈಲ್ಡಿಂಗ್, ನಾಲ್ಕು ಬಾರಿ ವಿಂಬಲ್ಡನ್ ಸಿಂಗಲ್ಸ್ ಗೆದ್ದವನು, ಸೈನ್ಯ ಸೇರಿದ. 1915ರ ಮೇ ತಿಂಗಳಲ್ಲಿ ಫ್ರಾನ್ಸಿನ ರಣರಂಗದಲ್ಲಿ ಮಡಿದ. ಎರಡು ಮಹಾಯುದ್ಧಗಳ ಕಾಲದಲ್ಲಿ ಬೆಳ್ಳಿ ಬೋಗುಣಿ ಸುಮ್ಮನೆ ಕುಳಿತಿತ್ತು.

ಭಾರತದ ಪ್ರವೇಶ

ಭಾರತ ಈ ಸ್ಪರ್ಧೆಗೆ ಕಾಲಿಟ್ಟದ್ದು 1921ರಲ್ಲಿ. ಮೊದಲ ಪಂದ್ಯದಲ್ಲಿಯೇ ಫ್ರಾನ್ಸನ್ನು ಸೋಲಿಸಿತು. ಆದರೆ ಫೈನಲ್ ತಲುಪಲು 45 ವರ್ಷ ಕಾಯಬೇಕಾಯಿತು.

1966ರಲ್ಲಿ ರಾಮನಾಥನ್ ಕೃಷ್ಣನ್, ಜೈದೀಪ್ ಮುಖರ್ಜಿ, ಪ್ರೇಮ್‌ಜಿತ್ ಲಾಲ್ ಅವರಿದ್ದ ತಂಡ ಕಲ್ಕತ್ತೆಯ ಸೌತ್ ಕ್ಲಬ್ಬಿನ ಹುಲ್ಲಿನ ಮೇಲೆ ಬ್ರೆಜಿಲ್ಲನ್ನು ಎದುರಿಸಿತು. ಅಮೆರಿಕವನ್ನು ಸೋಲಿಸಿ ಬಂದಿದ್ದ ತಂಡ ಅದು. ಜಯ 2-2 ಸಮವಾಗಿ ಎಲ್ಲವೂ ಕೊನೆಯ ಸಿಂಗಲ್ಸ್ ಮೇಲೆ ನಿಂತಿತು. ತೋಮಾಸ್ ಕಾಕ್ ಎರಡು ಸೆಟ್ ಗೆದ್ದಿದ್ದ. ಕೃಷ್ಣನ್ ಗೆದ್ದದ್ದು ಒಂದೇ. ನಾಲ್ಕನೆಯ ಸೆಟ್‌ನಲ್ಲಿ ಕಾಕ್ 5-2ರಿಂದ ಮುಂದಿದ್ದ. ಇನ್ನೊಂದು ಗೇಮ್ ಹೋದರೆ ಎಲ್ಲ ಮುಗಿದಂತೆ. ಅಲ್ಲಿಂದ ಕೃಷ್ಣನ್ ಸತತ ಐದು ಗೇಮ್ ಗೆದ್ದು ಸೆಟ್ಟನ್ನು 7-5ರಿಂದ ವಶಪಡಿಸಿಕೊಂಡರು. ಐದನೆಯ ಸೆಟ್ 6-2. ಭಾರತ ಫೈನಲ್ ಸೇರಿತು. ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯಾ 4-1ರಿಂದ ಗೆದ್ದರೂ, ಕೃಷ್ಣನ್ ಮತ್ತು ಮುಖರ್ಜಿ ಜೋಡಿ ನ್ಯೂಕೂಂಬ್ ಮತ್ತು ರೋಶ್ ಅವರಂಥ ಜೋಡಿಯನ್ನು ಡಬಲ್ಸ್‌ನಲ್ಲಿ ಮಣಿಸಿತು.

1974: ಕೈಗೆಟುಕಿದ ಕಪ್

ಎಂಟು ವರ್ಷಗಳ ಬಳಿಕ ಬಂದ ತಂಡ ಇನ್ನೂ ಭರವಸೆಯದು. ಇಪ್ಪತ್ತರ ಹರೆಯದ ವಿಜಯ್ ಅಮೃತರಾಜ್ ಅದೇ ವರ್ಷ ಅಮೆರಿಕ ಓಪನ್‌ನಲ್ಲಿ ಬ್ಯೋರ್ನ್ ಬೋರ್ಗ್‌ನನ್ನು ಸೋಲಿಸಿದ್ದರು. ಅಣ್ಣ ಆನಂದ್, ಜಸ್‌ಜಿತ್ ಸಿಂಗ್, ಶಶಿ ಮೆನನ್ ಜೊತೆಗಿದ್ದರು. ಕಲ್ಕತ್ತೆಯಲ್ಲಿ ಹಿಂದಿನ ವರ್ಷದ ಚಾಂಪಿಯನ್ ಆಸ್ಟ್ರೇಲಿಯಾವನ್ನು ಭಾರತ 3-2ರಿಂದ ಸೋಲಿಸಿತು. ಟೈಬ್ರೇಕರ್ ಇಲ್ಲದ ಆ ಕಾಲದಲ್ಲಿ ಐದು ಪಂದ್ಯಗಳಿಗೆ ಒಟ್ಟು 327 ಗೇಮ್‌ಗಳು ಬೇಕಾದವು. ಪುಣೆಯಲ್ಲಿ ಸೋವಿಯತ್ ಒಕ್ಕೂಟವನ್ನೂ ಸೋಲಿಸಿ ಭಾರತ ಫೈನಲ್‌ಗೆ ಬಂತು.

ಎದುರಿಗಿದ್ದದ್ದು ದಕ್ಷಿಣ ಆಫ್ರಿಕ. ಅಲ್ಲಿ 1948ರಿಂದ ವರ್ಣಭೇದವೇ ಸರ್ಕಾರದ ನೀತಿಯಾಗಿತ್ತು. ಬಹುಸಂಖ್ಯಾತ ಕಪ್ಪು ಜನರಿಗೂ ಅಲ್ಲಿ ನೆಲೆಸಿದ್ದ ಭಾರತೀಯರಿಗೂ ಬಿಳಿಯರೊಂದಿಗೆ ಸಮಾನ ಬದುಕಿರಲಿಲ್ಲ. ವಾಸ, ಶಾಲೆ, ಆಟದ ಮೈದಾನ ಎಲ್ಲವೂ ಬೇರೆ ಬೇರೆ. ಅಮೆರಿಕದ ಕಪ್ಪು ಆಟಗಾರ ಆರ್ಥರ್ ಆ್ಯಶ್ ಅವರಿಗೆ ಆ ದೇಶ ವೀಸಾ ನಿರಾಕರಿಸಿತ್ತು. 1970ರಲ್ಲಿ ಡೇವಿಸ್ ಕಪ್‌ನಿಂದ ಅದನ್ನು ಹೊರಗಿಟ್ಟು, ಮೂರು ವರ್ಷಗಳ ಮೇಲೆ ಮತ್ತೆ ಸೇರಿಸಿಕೊಳ್ಳಲಾಗಿತ್ತು.

ಭಾರತಕ್ಕೆ ಈ ವಿಷಯ ಹೊಸದಲ್ಲ. ಗಾಂಧೀಜಿ ಸತ್ಯಾಗ್ರಹದ ಮೊದಲ ಪ್ರಯೋಗ ಮಾಡಿದ ನೆಲ ಅದು. 1946ರಷ್ಟು ಹಿಂದೆಯೇ ದಕ್ಷಿಣ ಆಫ್ರಿಕದೊಂದಿಗೆ ವ್ಯಾಪಾರ ಸಂಬಂಧ ಕಡಿದುಕೊಂಡ ಮೊದಲ ದೇಶ ಭಾರತ. ಆ ನೀತಿಗೆ ಬದ್ಧವಾಗಿ ಭಾರತ ಫೈನಲ್ ಆಡದಿರಲು ತೀರ್ಮಾನಿಸಿತು. ಕಪ್ ದಕ್ಷಿಣ ಆಫ್ರಿಕಕ್ಕೆ ಹೋಯಿತು.

ಈ ತೀರ್ಮಾನದ ಬೆಲೆ ತೆತ್ತವರು ಆಟಗಾರರು. ಆಟಗಾರನ ಉತ್ತುಂಗದ ದಿನಗಳು ಕೆಲವೇ. ಪರೀಕ್ಷೆಗೆ ವರ್ಷವಿಡೀ ಓದಿದ ವಿದ್ಯಾರ್ಥಿಗೆ ಕೊನೆಯ ದಿನ ಕೊಠಡಿಗೆ ಹೋಗಬೇಡ ಎಂದಂತೆ. ನಿರಾಸೆ ಸಹಜ. ಆದರೂ ವಿಜಯ್ ಅಮೃತರಾಜ್ ಮುಂದಿನ ವರ್ಷಗಳಲ್ಲಿ ಆ ನಿಲುವು ಸರಿಯಾದದ್ದೆಂದೇ ಹೇಳುತ್ತ ಬಂದರು.

ಎಲ್ಲರೂ ಇದೇ ದಾರಿ ಹಿಡಿಯಲಿಲ್ಲ ಎಂಬುದನ್ನೂ ಗಮನಿಸಬೇಕು. 1976ರಲ್ಲಿ ಸೇನಾ ಆಡಳಿತದ ಚಿಲಿ ವಿರುದ್ಧ ಆಡಲು ಸೋವಿಯತ್ ಒಕ್ಕೂಟ ಒಪ್ಪಲಿಲ್ಲ. ಫೈನಲ್ ತಲುಪಿದ ಇಟಲಿಯಲ್ಲಿ ಹೋಗಬೇಕೇ ಬೇಡವೇ ಎಂದು ದೊಡ್ಡ ಚರ್ಚೆಯಾಯಿತು. ಕೊನೆಗೆ ಅವರು ಹೋದರು, ಕಪ್ ಗೆದ್ದರು. ಡಬಲ್ಸ್ ಆಡಿದ ಪನಾಟಾ ಮತ್ತು ಬೆರ್ಟೊಲುಚಿ ಪ್ರತಿಭಟನೆಯ ಗುರುತಾಗಿ ಕೆಂಪು ಅಂಗಿ ತೊಟ್ಟು ಅಂಕಣಕ್ಕಿಳಿದರು. ಅನ್ಯಾಯವನ್ನು ಕಂಡಾಗ ಹೊರಗುಳಿಯುವುದು ಸರಿಯೋ, ಒಳಗೆ ಹೋಗಿ ಗುರುತು ಮೂಡಿಸುವುದು ಸರಿಯೋ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ದಕ್ಷಿಣ ಆಫ್ರಿಕವನ್ನು ಮಾತ್ರ ಎಪ್ಪತ್ತರ ದಶಕದ ಕೊನೆಯಲ್ಲಿ ಮತ್ತೆ ಹೊರಗಿಡಲಾಯಿತು. ವರ್ಣಭೇದ ಕೊನೆಗಾಣುತ್ತಿದ್ದ ತೊಂಬತ್ತರ ದಶಕದ ಆರಂಭದಲ್ಲಷ್ಟೇ ಅದು ಮರಳಿತು.

ಮತ್ತೊಮ್ಮೆ ಫೈನಲ್

1987ರಲ್ಲಿ ಭಾರತ ಮೂರನೆಯ ಬಾರಿ ಫೈನಲ್ ಸೇರಿತು. ದೆಹಲಿಯಲ್ಲಿ ಅರ್ಜೆಂಟೀನದ ವಿರುದ್ಧ ಮೂವತ್ತಮೂರರ ವಿಜಯ್ ಅಮೃತರಾಜ್ ಸೋಲಿನ ಅಂಚಿನಿಂದ ಎದ್ದುಬಂದು ಮಾರ್ಟಿನ್ ಹೈಟೆಯನ್ನು ಮಣಿಸಿದರು. ಸಿಡ್ನಿಯ ಹುಲ್ಲಿನ ಮೇಲೆ ರಾಮನಾಥನ್ ಕೃಷ್ಣನ್ ಅವರ ಮಗ ರಮೇಶ್ ನಿರ್ಣಾಯಕ ಪಂದ್ಯದಲ್ಲಿ ವಾಲಿ ಮಸೂರ್‌ನನ್ನು ಸೋಲಿಸಿ ಆಸ್ಟ್ರೇಲಿಯಾವನ್ನು ಹೊರದಬ್ಬಿದರು. ಫೈನಲ್‌ನ ಆತಿಥೇಯ ಸ್ವೀಡನ್ ಘರ್ಷಣೆಯ ಪಾಠವನ್ನು ಚೆನ್ನಾಗಿ ಓದಿಕೊಂಡಿತ್ತು. ಹುಲ್ಲಿನಲ್ಲಿ ಪಳಗಿದ ಭಾರತೀಯರಿಗಾಗಿ ಗೋಥೆನ್‌ಬರ್ಗ್‌ನ ಒಳಾಂಗಣದಲ್ಲಿ ಮಣ್ಣಿನ ಅಂಕಣ ಹಾಸಿತು. ಭಾರತ 0-5ರಿಂದ ಸೋತಿತು.

ನಂತರ ಲಿಯಾಂಡರ್ ಪೇಸ್ ಕಾಲ ಬಂತು. 1993ರಲ್ಲಿ ಪೇಸ್ ಮತ್ತು ರಮೇಶ್ ಫ್ರೆಂಚರನ್ನು ಅವರ ನೆಲದಲ್ಲಿಯೇ ಸೋಲಿಸಿ ತಂಡವನ್ನು ಸೆಮಿಫೈನಲ್‌ಗೆ ಒಯ್ದರು. ಕೊಡಗಿನ ರೋಹನ್ ಬೋಪಣ್ಣ 2002ರಿಂದ 2023ರವರೆಗೆ ಭಾರತದ ಪರ ಡೇವಿಸ್ ಕಪ್ ಆಡಿದರು. 2014ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿರುವ ಟೆನಿಸ್ ಕ್ರೀಡಾಂಗಣದಲ್ಲಿ ಸರ್ಬಿಯಾ ವಿರುದ್ಧ ಭಾರತ 0-2ರಿಂದ ಹಿಂದಿತ್ತು. ಡಬಲ್ಸ್‌ನಲ್ಲಿಯೂ ಪೇಸ್ ಮತ್ತು ಬೋಪಣ್ಣ ಮೊದಲ ಎರಡು ಸೆಟ್ ಕಳೆದುಕೊಂಡು, ಉಳಿದ ಮೂರನ್ನೂ ಗೆದ್ದರು. ಮರುದಿನ ಸೋಮದೇವ್ ದೇವವರ್ಮನ್ ಜಯ 2-2 ಮಾಡಿದರು. ಕೊನೆಯ ಪಂದ್ಯ ಸೋಮವಾರಕ್ಕೆ ಮುಂದುವರಿದು ಭಾರತಕ್ಕೆ ಸೋಲಾಯಿತು. ಆದರೂ ಐದು ಪಂದ್ಯಗಳ ಲೆಕ್ಕ ಎಂಥದೆಂಬುದನ್ನು ಬೆಂಗಳೂರಿನ ಮಕ್ಕಳು ಕಣ್ಣಾರೆ ಕಂಡರು.

ಬದಲಾದ ಕಪ್

2019ರಲ್ಲಿ ಸ್ಪರ್ಧೆಯ ರೂಪ ಬದಲಾಯಿತು. ಐದು ಸೆಟ್‌ಗಳ ಪಂದ್ಯ ಮೂರು ಸೆಟ್‌ಗಳಿಗೆ ಇಳಿಯಿತು. ಅಂತಿಮ ಹಂತದ ಪಂದ್ಯಗಳು ಒಂದೇ ಊರಿನಲ್ಲಿ, ಎರಡು ಸಿಂಗಲ್ಸ್ ಮತ್ತು ಒಂದು ಡಬಲ್ಸ್‌ನಲ್ಲಿ ಮುಗಿಯುವಂತಾಯಿತು. ತವರಿನ ಜನರ ಕೂಗು, ತಮ್ಮಿಷ್ಟದ ಅಂಕಣ ಬಹುಮಟ್ಟಿಗೆ ಅರ್ಹತಾ ಸುತ್ತುಗಳಲ್ಲಷ್ಟೇ ಉಳಿದವು. ವರ್ಷವಿಡೀ ಆಡುವವರ ದಣಿವು ಇದರಿಂದ ತಗ್ಗುತ್ತದೆ ಎಂದು ಕೆಲವರೆಂದರು, ಕಪ್ಪಿನ ಜೀವವೇ ಹೋಯಿತೆಂದು ಹಲವರು ನೊಂದರು. 2023ರಿಂದ 2025ರವರೆಗೆ ಸತತ ಮೂರು ಬಾರಿ ಗೆದ್ದ ದೇಶ ಇಟಲಿ.

ಭಾರತ ಇನ್ನೂ ಒಮ್ಮೆಯೂ ಈ ಕಪ್ ಗೆದ್ದಿಲ್ಲ. ಫೈನಲ್‌ನಲ್ಲಿ ಎರಡು ಬಾರಿ ಆಡಿ ಸೋತಿದೆ, ಒಂದು ಬಾರಿ ಆಡದೆ ಬಿಟ್ಟಿದೆ. ಮಕ್ಕಳ ಅಂಕಪಟ್ಟಿ, ಪದಕ, ರ‍್ಯಾಂಕುಗಳನ್ನು ಎಣಿಸುವ ಮನೆಗಳಲ್ಲಿ ಈ ಮೂರನ್ನೂ ಸೋಲೆಂದೇ ಲೆಕ್ಕ ಹಾಕಬಹುದು. ಆದರೆ 1974ರಲ್ಲಿ ಆ ನಾಲ್ವರು ಯುವಕರು ಕಳೆದುಕೊಂಡದ್ದು ಏನು, ಉಳಿಸಿಕೊಂಡದ್ದು ಏನು ಎಂದು ತಂದೆ ತಾಯಿ ಮಕ್ಕಳೊಂದಿಗೆ ಕುಳಿತು ಒಮ್ಮೆ ಮಾತನಾಡಿ ನೋಡಬೇಕು.