ಮುಳ್ಳು ಹೊತ್ತ ತೋಳು

ಗ್ರಾಮಫೋನ್ ಪ್ಲೇಟಿನ ಅಂಚಿನಿಂದ ನಡುವಿನತ್ತ ಮುಳ್ಳನ್ನು ಹೊತ್ತು ಸಾಗುವ ಭಾಗವೇ ಟೋನ್‌ಆರ್ಮ್. ಅದನ್ನು ಮುಂದಕ್ಕೆ ತಳ್ಳುವ ಯಂತ್ರ ಯಾವುದೂ ಇಲ್ಲ. ಪ್ಲೇಟಿನ ಗೀರೇ ಮುಳ್ಳನ್ನು ಎಳೆಯುತ್ತದೆ, ಮುಳ್ಳಿನ ಬೆನ್ನಿಗೆ ಇಡೀ ತೋಳು ಬರುತ್ತದೆ. ಗೀರು ಒಳಕ್ಕೆ ಸರಿದಂತೆ ತೋಳು ತಡೆಯೊಡ್ಡದೆ ಸರಿಯಬೇಕು. ಅದೇ ಹೊತ್ತಿಗೆ, ಗೀರಿನೊಳಗೆ ಮುಳ್ಳು ನಡುಗುವಾಗ ತಾನು ನಡುಗದೆ ನಿಲ್ಲಬೇಕು. ಹಗುರವಿದ್ದರೆ ಮೊದಲನೆಯದು ಸುಲಭ, ಭಾರವಿದ್ದರೆ ಎರಡನೆಯದು.

ಎಮಿಲ್ ಬರ್ಲಿನರ್‌ನ ಮೊದಮೊದಲ ಗ್ರಾಮಫೋನುಗಳಲ್ಲಿ ತೋಳು ಎಂದು ಕರೆಯುವಂಥದ್ದು ಇರಲಿಲ್ಲ. ಕಹಳೆಯೂ, ಮುಳ್ಳಿನ ನಡುಕವನ್ನು ಸ್ವರವಾಗಿಸುವ ಸೌಂಡ್‌ಬಾಕ್ಸೂ ಒಟ್ಟಿಗೇ ಮುಳ್ಳಿನ ಜತೆ ಸರಿಯುತ್ತಿದ್ದವು. 1903ರ ಹೊತ್ತಿಗೆ ವಿಕ್ಟರ್ ಕಂಪನಿಯ ಎಲ್ಡ್ರಿಜ್ ಜಾನ್ಸನ್ ಕಹಳೆಯನ್ನು ಪೆಟ್ಟಿಗೆಗೆ ಬಿಗಿದು, ಸೌಂಡ್‌ಬಾಕ್ಸಿಗೂ ಅದಕ್ಕೂ ನಡುವೆ ಹಂತಹಂತವಾಗಿ ಅಗಲವಾಗುವ ಟೊಳ್ಳು ಕೊಳವೆ ಜೋಡಿಸಿದ. ಸ್ವರ ಹರಿಯುತ್ತಿದ್ದದ್ದು ಆ ಕೊಳವೆಯ ಗಾಳಿಯಲ್ಲಿ. ಆದರೂ ಮುಳ್ಳಿನ ಮೇಲೆ ನೂರು ಗ್ರಾಮಿಗೂ ಹೆಚ್ಚು ಭಾರ ಬೀಳುತ್ತಲೇ ಇತ್ತು. ಉಕ್ಕಿನ ಮುಳ್ಳನ್ನು ಪ್ರತಿ ಹಾಡಿಗೂ ಬದಲಿಸಬೇಕಿತ್ತು.

ಕಲಬುರಗಿ ಸೀಮೆ ನಿಜಾಮರ ಆಳ್ವಿಕೆಯಲ್ಲಿದ್ದ ಕಾಲಕ್ಕೆ ಪ್ಲೇಟಿನ ಹಾಡು ಬಂದದ್ದು ಇಂಥ ಕೀಲಿ ಕೊಡುವ ಪೆಟ್ಟಿಗೆಗಳಲ್ಲಿ. ಹಳ್ಳಿಗಳಿಗೆ ಕರೆಂಟು ತಡವಾಗಿ ಬಂದದ್ದರಿಂದ ಅವು ಬಹುಕಾಲ ಉಳಿದವು. ನಿಮಿಷಕ್ಕೆ 78 ಸುತ್ತಿನ ಪ್ಲೇಟನ್ನು ಪಶ್ಚಿಮದ ದೇಶಗಳು ಕೈಬಿಟ್ಟ ಮೇಲೂ ಭಾರತದಲ್ಲಿ 1960ರ ದಶಕದ ಕೊನೆಯವರೆಗೆ ಒತ್ತಲಾಗುತ್ತಿತ್ತು. ಬೀಟಲ್ಸ್ ತಂಡದ ಹಾಡುಗಳು ಕೂಡ ಇಲ್ಲಿ 78ರಲ್ಲಿ ಮಾರಾಟವಾದವು. ಹೀಗಾಗಿ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳೆಯ ಟ್ರಂಕಿನಲ್ಲಿ ಒಂದೇ ಜಾತಿಯ ಪ್ಲೇಟುಗಳನ್ನು ನಿರೀಕ್ಷಿಸುವಂತಿಲ್ಲ. ಗಂಗೂಬಾಯಿ ಹಾನಗಲ್ಲರ ಹೆಸರು ‘ಗಾಂಧಾರಿ’ ಎಂದು ಅಚ್ಚಾದ ಅರಗಿನ ಪ್ಲೇಟು, ಸೊಲ್ಲಾಪುರದ ದಾರಿಯಿಂದ ಬಂದ ಮರಾಠಿ ನಾಟ್ಯಗೀತೆ, ಉರುಸಿನ ಕಾಲಕ್ಕೆ ಕೊಂಡ ಕವ್ವಾಲಿ, ಸಿನಿಮಾ ಹಾಡಿನ 45 ಸುತ್ತಿನ ಇಪಿ, ಆಮೇಲಿನ ಸ್ಟೀರಿಯೋ ಎಲ್‌ಪಿ, ಎಲ್ಲವೂ ಒಂದೇ ಮನೆಯಲ್ಲಿ ಸೇರಬಹುದು. ಈ ಬೆರಕೆಯೇ ತೋಳಿನ ಆಯ್ಕೆಯನ್ನು ನಿರ್ಧರಿಸಬೇಕು. ಕೊಳ್ಳುವವರು ಸಾಮಾನ್ಯವಾಗಿ ಮೊದಲು ನೋಡುವುದು ಮೆರುಗು ಮತ್ತು ಬೆಲೆಯನ್ನು.

ತೋಳಿನ ಕೋನದ ಲೆಕ್ಕ ಶುರುವಾದದ್ದು 1924ರಲ್ಲಿ. ಮೂಲ ತಟ್ಟೆಯಲ್ಲಿ ಗೀರು ಕೊರೆಯುವ ತಲೆ ಅಂಚಿನಿಂದ ಕೇಂದ್ರಕ್ಕೆ ನೇರವಾಗಿ ಸಾಗುತ್ತದೆ. ನುಡಿಸುವ ತೋಳು ಒಂದು ಗೂಟದ ಸುತ್ತ ಬಾಗಿ ಚಲಿಸುತ್ತದೆ. ಹಾಗಾಗಿ ಮುಳ್ಳು ಗೀರಿಗೆ ಕೊಂಚ ಓರೆಯಾಗಿ ಕೂರುವುದು ತಪ್ಪದು. ತೋಳಿನ ತುದಿಯನ್ನು ಒಳಕ್ಕೆ ಬಾಗಿಸಿ, ಮುಳ್ಳು ಪ್ಲೇಟಿನ ಕೇಂದ್ರವನ್ನು ತುಸು ದಾಟುವಂತೆ ಇಟ್ಟರೆ ಈ ಓರೆ ತಗ್ಗುತ್ತದೆ ಎಂದು ಇಂಗ್ಲೆಂಡಿನ ಪರ್ಸಿ ವಿಲ್ಸನ್ ತೋರಿಸಿದ. 1938ರಲ್ಲಿ ಲೋಫ್‌ಗ್ರೆನ್, 1941ರಲ್ಲಿ ಬೇರ್‌ವಾಲ್ಡ್ ಆ ಲೆಕ್ಕವನ್ನು ಇನ್ನಷ್ಟು ಬಿಗಿಗೊಳಿಸಿದರು. ಇಂದಿಗೂ ಬಳಕೆಯಲ್ಲಿರುವ ಬೇರ್‌ವಾಲ್ಡ್ ಲೆಕ್ಕದಂತೆ 12 ಅಂಗುಲದ ಎಲ್‌ಪಿಯಲ್ಲಿ ಕೇಂದ್ರದಿಂದ ಸುಮಾರು 66 ಮತ್ತು 121 ಮಿಲಿಮೀಟರ್ ದೂರದಲ್ಲಿ ಓರೆ ಸೊನ್ನೆಯಾಗುತ್ತದೆ. ತೋಳನ್ನು ಬಾಗಿಸಿದ್ದಕ್ಕೆ ಬೆಲೆಯೂ ಉಂಟು: ತಿರುಗುವ ಪ್ಲೇಟು ಅದನ್ನು ಸದಾ ಒಳಕ್ಕೆ ಜಗ್ಗುತ್ತದೆ. ಆ ಜಗ್ಗಾಟವನ್ನು ಸರಿದೂಗಿಸಲು ಬಂದದ್ದೇ ಆಂಟಿ-ಸ್ಕೇಟಿಂಗ್.

1925ರ ನಂತರ ಮುಳ್ಳಿನ ನಡುಕವನ್ನು ವಿದ್ಯುತ್ತಾಗಿಸುವ ಪಿಕಪ್ ಬಂದು, ತೋಳು ಸ್ವರವನ್ನೇ ಹೊರುವ ಕೆಲಸದಿಂದ ಬಿಡುಗಡೆಯಾಯಿತು. 1948ರ ಎಲ್‌ಪಿಯ ಕಿರುಗೀರು ಭಾರವನ್ನು ಸಹಿಸುತ್ತಿರಲಿಲ್ಲ. ಸ್ಟೀರಿಯೋ ಇನ್ನೂ ನಾಜೂಕು. 1959ರಲ್ಲಿ ಇಂಗ್ಲೆಂಡಿನ ಎಸ್‌ಎಂಇ ಮಾರುಕಟ್ಟೆಗೆ ತಂದ 9 ಮತ್ತು 12 ಅಂಗುಲದ ತೋಳುಗಳು ಚಾಕುವಿನ ಅಲುಗಿನಂಥ ಆಧಾರದ ಮೇಲೆ ತೂಗುತ್ತಿದ್ದವು. ಅವುಗಳಲ್ಲಿ ಮುಳ್ಳಿನ ಭಾರವನ್ನು ಗ್ರಾಮಿನ ಭಾಗಗಳಲ್ಲಿ ಹೊಂದಿಸಬಹುದಿತ್ತು. ಅಲ್ಲಿಂದ ಮುಂದೆ ಎರಡು ದಶಕ ಎಲ್ಲರೂ ಹಗುರದ ಹಿಂದೆ ಬಿದ್ದರು. ಅದೊಂದು ಫ್ಯಾಷನ್ನೂ ಆಗಿತ್ತೆನ್ನಬೇಕು.

ಹಗುರವೇ ಒಳ್ಳೆಯದು ಎಂಬ ಮಾತು ಎಲ್ಲ ಮುಳ್ಳಿಗೂ ಒಪ್ಪುವುದಿಲ್ಲ. ತೋಳಿನ ತೂಕ ಮತ್ತು ಮುಳ್ಳಿನ ಸಲಾಕೆಯ ಮೆದುತನ ಸೇರಿ, ಜೋಕಾಲಿಗೆ ಇರುವಂತೆ, ತಮ್ಮದೇ ಆದ ಒಂದು ತೂಗಾಟದ ವೇಗವನ್ನು ಪಡೆಯುತ್ತವೆ. ಅದು ಸೆಕೆಂಡಿಗೆ 8ರಿಂದ 12 ಸಲ ಇರಬೇಕು. ಅದಕ್ಕಿಂತ ಕೆಳಗಿದ್ದರೆ ಪ್ಲೇಟಿನ ಸೊಟ್ಟುತನವೇ ತೋಳನ್ನು ಕುಣಿಸುತ್ತದೆ. ತೀರಾ ಮೇಲಿದ್ದರೆ ಸಂಗೀತದ ಮಂದ್ರ ಸ್ವರ ಕೆಡುತ್ತದೆ. ಲೆಕ್ಕ ಕಷ್ಟದ್ದಲ್ಲ. ತೋಳಿನ ಪರಿಣಾಮಕ ತೂಕವನ್ನೂ ಮುಳ್ಳನ್ನು ಹಿಡಿದಿರುವ ಕಾರ್ಟ್ರಿಜ್ಜಿನ ತೂಕವನ್ನೂ ಗ್ರಾಮಿನಲ್ಲಿ ಕೂಡಿಸಿ, ಸಲಾಕೆಯ ಮೆದುತನಕ್ಕೆ ತಯಾರಕರು ಕಂಪ್ಲಯನ್ಸ್ ಎಂದು ಕೊಡುವ ಅಂಕಿಯಿಂದ ಗುಣಿಸಿ, ವರ್ಗಮೂಲ ತೆಗೆದು, 159ನ್ನು ಅದರಿಂದ ಭಾಗಿಸಿದರೆ ಸಾಕು. 12 ಗ್ರಾಮಿನ ತೋಳು, 8 ಗ್ರಾಮಿನ ಕಾರ್ಟ್ರಿಜ್, ಕಂಪ್ಲಯನ್ಸ್ 20 ಎಂದರೆ ಉತ್ತರ 8ರ ಹತ್ತಿರ. ಅದೇ ಕಾರ್ಟ್ರಿಜ್ಜನ್ನು 25 ಗ್ರಾಮಿನ ತೋಳಿಗೆ ಕಟ್ಟಿದರೆ ಆರಕ್ಕೆ ಇಳಿಯುತ್ತದೆ. ಕಲಬುರಗಿಯ ಏಪ್ರಿಲ್–ಮೇ ಬಿಸಿಲಿಗೆ ಸಿಕ್ಕ ಎಲ್‌ಪಿ ಸೊಟ್ಟಗಾಗದೆ ಉಳಿಯುವುದು ಕಷ್ಟ. ಅಂಥ ಪ್ಲೇಟುಗಳಿಗೆ ಈ ಜೋಡಿ ತಕ್ಕದ್ದಲ್ಲ. ಇನ್ನೊಂದು ತುದಿಯಲ್ಲಿ, ಜಪಾನಿನ ರೇಡಿಯೋ ನಿಲಯಗಳಿಗೆಂದು ರೂಪುಗೊಂಡ ಡೆನಾನ್ ಡಿಎಲ್-103ರಂಥ ಬಿಗಿ ಮುಳ್ಳು 2.5 ಗ್ರಾಂ ಭಾರ ಕೇಳುತ್ತದೆ. ಅದಕ್ಕೆ ಭಾರದ ತೋಳೇ ಸರಿ.

78ರ ಗೀರು ಎಲ್‌ಪಿಯ ಗೀರಿಗಿಂತ ಸುಮಾರು ಮೂರು ಪಟ್ಟು ಅಗಲ. ಎಲ್‌ಪಿಯ ಮುಳ್ಳು ಅದರ ತಳದ ಧೂಳಿನಲ್ಲಿ ಉಜ್ಜಾಡುತ್ತದೆ, ಸ್ವರ ಹುಟ್ಟುವ ಗೋಡೆಗೆ ಸರಿಯಾಗಿ ತಾಕುವುದಿಲ್ಲ. ಆದ್ದರಿಂದ ಬೆರಕೆ ಸಂಗ್ರಹಕ್ಕೆ ಕಳಚಿ ಹಾಕುವ ತಲೆ, ಅಂದರೆ ಹೆಡ್‌ಶೆಲ್ ಇರುವ, ಮಧ್ಯಮ ತೂಕದ 9 ಅಂಗುಲದ ತೋಳು ಉತ್ತಮ. ಒಂದು ಹೆಡ್‌ಶೆಲ್ಲಿನಲ್ಲಿ 78ರ ದಪ್ಪ ಮುಳ್ಳು, ಇನ್ನೊಂದರಲ್ಲಿ ಸ್ಟೀರಿಯೋ ಮುಳ್ಳು ಕಟ್ಟಿಟ್ಟರೆ ಪ್ಲೇಟಿಗೆ ತಕ್ಕಂತೆ ಬದಲಿಸಬಹುದು. 1983ರಲ್ಲಿ ಬಂದ ರೀಗಾ ಆರ್‌ಬಿ300 ಅಗ್ಗಕ್ಕೂ ಗಟ್ಟಿತನಕ್ಕೂ ಹೆಸರಾದ ಒಂದೇ ಎರಕದ ತೋಳು. ಆದರೆ ಅದರ ತಲೆ ಕಳಚುವುದಿಲ್ಲ. ಎಲ್‌ಪಿ ಮಾತ್ರ ಕೇಳುವವರಿಗೆ ಅದು ಸಾಕು.

12 ಅಂಗುಲದ ತೋಳಿನಲ್ಲಿ ಓರೆ 9 ಅಂಗುಲದ್ದಕ್ಕಿಂತ ಸುಮಾರು ಕಾಲುಭಾಗ ಕಡಿಮೆ. ಜತೆಗೆ ತೂಕ ಹೆಚ್ಚು, ಪೆಟ್ಟಿಗೆಯೂ ದೊಡ್ಡದು ಬೇಕು.

ಟರ್ನ್‌ಟೇಬಲ್ಲು ಕೂಡ ಒಪ್ಪಬೇಕು. 1950ರ ದಶಕದ ಗ್ಯಾರಾರ್ಡ್ 301 ತೋಳಿಲ್ಲದೆಯೇ ಮಾರಾಟವಾಗುತ್ತಿತ್ತು. ಥೋರೆನ್ಸ್ ಟಿಡಿ 124ರಲ್ಲಿ ತೋಳು ಕೂರುವ ಹಲಗೆಯನ್ನೇ ಬದಲಿಸಬಹುದು. ಲೆಂಕೊ ಎಲ್75ರ ಸ್ವಂತ ತೋಳು ರಬ್ಬರಿನ ಸಣ್ಣ ತುಂಡುಗಳ ಮೇಲೆ ಕೂತಿರುತ್ತದೆ. ರಬ್ಬರು ಕಾಲಕ್ಕೆ ಪುಡಿಯಾಗುತ್ತದೆ, ಹೊಸದು ಹಾಕಿದರೆ ತೋಳು ಮತ್ತೆ ನಡೆಯುತ್ತದೆ. ಮನೆಮನೆಯಲ್ಲಿದ್ದ ಎಚ್‌ಎಂವಿ ಫಿಯೆಸ್ಟಾದ ಮಾತು ಬೇರೆ. ಸೂಟ್‌ಕೇಸಿನಂಥ ಆ ಪೆಟ್ಟಿಗೆಯಲ್ಲಿ ಬೇರೆ ತೋಳಿಗೆ ಜಾಗವೂ ಇಲ್ಲ, ಅರ್ಥವೂ ಇಲ್ಲ; ಮುಳ್ಳನ್ನೋ ಕಾರ್ಟ್ರಿಜ್ಜನ್ನೋ ಬದಲಿಸಿ ಬಿಡುವುದೇ ಜಾಣತನ. ಹಳೆಯ ಕ್ರಿಸ್ಟಲ್ ಕಾರ್ಟ್ರಿಜ್ಜಿನ ರೋಶೆಲ್ ಲವಣ ಸುಮಾರು 55 ಡಿಗ್ರಿ ಸೆಲ್ಸಿಯಸ್ಸಿಗೆ ಕೆಡುತ್ತದೆ. ತಗಡಿನ ಚಾವಣಿಯ ಕೆಳಗೆ ಬೇಸಿಗೆಗಳನ್ನು ಕಳೆದ ಪ್ಲೇಯರು ಮೂಕಾಗಿದ್ದರೆ ತೋಳನ್ನು ದೂರುವ ಮೊದಲು ಇದನ್ನು ನೋಡಬೇಕು.

ಬಿಡಿಯಾಗಿ ಸಿಗುವ ತೋಳುಗಳು ಈಚೆಗೆ ಕಡಿಮೆಯಾಗಿವೆ. ಪುಣೆಯ ಅಜಯ್ ಶಿರ್ಕೆ ಅವರ ಕೇಡೆನ್ಸ್ ಸಮೂಹ 2016ರಲ್ಲಿ ಎಸ್‌ಎಂಇಯನ್ನು ಕೊಂಡಿತು. 2019ರ ಕೊನೆಯಲ್ಲಿ ಎಸ್‌ಎಂಇ ತೋಳುಗಳನ್ನು ಬಿಡಿಯಾಗಿ ಮಾರುವುದನ್ನು ನಿಲ್ಲಿಸಿತು. ಮರುವರ್ಷ ಜಪಾನಿನ ತೋಳು ತಯಾರಕ ಜೆಲ್ಕೊ ಬಾಗಿಲು ಮುಚ್ಚಿತು. ಉಳಿದದ್ದು ಹೆಚ್ಚಾಗಿ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆ. ಅಲ್ಲಿ ಮೊದಲು ಹಿಂಭಾರವನ್ನು ಸರಿಸಿ ತೋಳನ್ನು ನೆಲಕ್ಕೆ ಸಮಾನಾಂತರವಾಗಿ ತೇಲಿಸಬೇಕು. ಮೆಲ್ಲನೆ ಊದಿದರೆ ಅದು ಎಲ್ಲೂ ಮುಗ್ಗರಿಸದೆ ಸರಿಯಬೇಕು. ಬೆರಳಲ್ಲಿ ಅಲುಗಿಸಿದಾಗ ಬೇರಿಂಗಿನಲ್ಲಿ ಕಟಕಟ ಸದ್ದು ಬಂದರೆ ಬೇಡ. ಹಳೆಯ ಎಸ್‌ಎಂಇಗಳ ಹಿಂಭಾರ ಹಿಡಿದಿರುವ ರಬ್ಬರು ಜೋತುಬಿದ್ದಿದೆಯೇ, ಹೆಡ್‌ಶೆಲ್ಲಿನ ನಾಲ್ಕು ತಂತಿಗಳಲ್ಲೂ ಸಂಪರ್ಕ ಇದೆಯೇ ಎಂದು ನೋಡಿದ ಮೇಲೆ ಬೆಲೆಯ ಮಾತು.